ಅರವತ್ತು ಲೀಟರ್ ಸಮುದ್ರದಲ್ಲಿ ಕೂದಲು ಪಾಚಿ: ಐದು ತಿಂಗಳ ದುರಸ್ತಿ

ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ, ಪುಸ್ತಕದ ಕಪಾಟಿನ ಪಕ್ಕ, 60 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ ಮತ್ತು 35 ಸೆಂ.ಮೀ. ಎತ್ತರದ ಗಾಜಿನ ಟ್ಯಾಂಕ್ ಒಂದಿದೆ. ಲೆಕ್ಕಕ್ಕೆ ಅದು 73 ಲೀಟರ್ ಹಿಡಿಯಬೇಕಾದರೂ ಕಲ್ಲು, ಮರಳು ಮತ್ತು ಅಂಚಿನ ಕೆಳಗೆ ಖಾಲಿ ಬಿಟ್ಟ ಜಾಗವನ್ನು ಕಳೆದರೆ ಒಳಗಿರುವ ಉಪ್ಪುನೀರು 60 ಲೀಟರ್ ಮಾತ್ರ. ಕಳೆದ ಡಿಸೆಂಬರಿನಲ್ಲಿ ನೀರು ತುಂಬಿಸಿದೆ. ಟ್ಯಾಂಕ್ ಮುಚ್ಚುತ್ತಿದ್ದ ಒಬ್ಬರಿಂದ ಕೊಂಡ 8 ಕೆ.ಜಿ. ಒಣ ಕಲ್ಲು, ಒಂದು ಜೋಡಿ ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ನಾಲ್ಕು ಬಗೆಯ ಜೋವಾಂಥಿಡ್ (ಗುಂಪಾಗಿ ಬೆಳೆಯುವ, ಹೂವಿನಂತೆ ತೆರೆದು ಮುಚ್ಚುವ, ಹವಳದ ಬಂಧು), ಅಣಬೆ ಹವಳ ಮತ್ತು ಒಂದು ಲೆದರ್ ಹವಳ ಇದರ ಸಂಸಾರ. ಗಟ್ಟಿ ಹವಳ ಇದರಲ್ಲಿ ಒಂದೂ ಇಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದ್ದು, ಅವು ನಮ್ಮ ಹಜಾರಕ್ಕೆ ಬರಬೇಕಾದ ವಸ್ತುಗಳಲ್ಲ.

ಹೊಸ ಟ್ಯಾಂಕಿನಲ್ಲಿ ಎಲ್ಲರಿಗೂ ಬರುವ ಕಂದು ಬಣ್ಣದ ಡಯಾಟಮ್ (ಸಿಲಿಕಾ ಕವಚದ ಸೂಕ್ಷ್ಮ ಪಾಚಿ) ಪದರ ಜನವರಿಯಲ್ಲಿ ಬಂದು, ಫೆಬ್ರುವರಿಯಲ್ಲಿ ತಾನಾಗಿಯೇ ಹೋಯಿತು. ಏಪ್ರಿಲ್ ನಡುವಿನಲ್ಲಿ ಎಡಗಡೆಯ ಎತ್ತರದ ಕಲ್ಲಿನ ನೆತ್ತಿಯ ಮೇಲೆ ಬೆರಳ ಉಗುರಿನಷ್ಟು ಹಸಿರು ಕಾಣಿಸಿಕೊಂಡಾಗ, ಅದನ್ನು ಕೀಳದೆ ಚೆನ್ನಾಗಿದೆ ಎಂದು ನೋಡುತ್ತ ಕುಳಿತದ್ದು ನನ್ನ ಮೊದಲ ತಪ್ಪು. ಜೂನ್ 2ರಂದು ಈ ದಾಖಲೆಯನ್ನು ಬರೆಯಲು ಕುಳಿತಾಗ ಕಲ್ಲುಗಳ ಮೂರನೆಯ ಎರಡು ಭಾಗ ಹಸಿರು ಕೂದಲಿನಿಂದ ಮುಚ್ಚಿಹೋಗಿತ್ತು. ಎಳೆಗಳು ನಾಲ್ಕರಿಂದ ಐದು ಸೆಂ.ಮೀ. ಉದ್ದವಿದ್ದು, ಪಂಪ್ ಚಾಲನೆಯಲ್ಲಿದ್ದಾಗ ಗಾಳಿಗೆ ಬಾಗಿದ ಭತ್ತದ ಸಸಿಯಂತೆ ಒಂದೇ ದಿಕ್ಕಿಗೆ ಮಲಗುತ್ತಿದ್ದವು. ಜೋವಾಂಥಿಡ್‌ಗಳ ಒಂದು ಗುಂಪಿನಲ್ಲಿ ಇಪ್ಪತ್ತಕ್ಕೆ ಹನ್ನೊಂದು ಮಾತ್ರ ಬಾಯಿ ತೆರೆದಿದ್ದವು. ಉಳಿದವುಗಳ ಕೊರಳಿಗೆ ಪಾಚಿ ಸುತ್ತಿಕೊಂಡಿತ್ತು.

ಮದ್ದಿಗಿಂತ ಮೊದಲು ರೋಗ ಯಾವುದೆಂದು ತಿಳಿಯಬೇಕಿತ್ತು. ಒಂದು ಎಳೆಯನ್ನು ಚಿಮಟಿಗೆಯಿಂದ ಕಿತ್ತು, ಬಿಳಿ ತಟ್ಟೆಯ ಮೇಲೆ ಎರಡು ಹನಿ ನೀರಿನಲ್ಲಿ ಹರಡಿ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಭೂತಗನ್ನಡಿಯಲ್ಲಿ ನೋಡಿದೆ. ಬ್ರಯಾಪ್ಸಿಸ್ ಎಂಬ ಇನ್ನೊಂದು ಹಸಿರು ಪಾಚಿಯಾಗಿದ್ದರೆ ಪ್ರತಿ ಎಳೆಯ ಎರಡೂ ಬದಿಗೆ ಹಕ್ಕಿಯ ಗರಿಯಂತೆ ಸಣ್ಣ ಕವಲುಗಳಿರುತ್ತವೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಕವಲಿಲ್ಲದ, ಬರಿಯ ರೇಷ್ಮೆ ದಾರದಂಥ ಎಳೆಗಳು. ಬ್ರಯಾಪ್ಸಿಸ್‌ಗೆ ಹಲವರು ಫ್ಲುಕೊನಜೋಲ್ ಮಾತ್ರೆಯನ್ನು ನೀರಿಗೆ ಕದಡಿ ಹಾಕುತ್ತಾರೆ, ಮತ್ತು ಅದು ಅಲ್ಲಿ ಕೆಲಸ ಮಾಡುವುದೂ ನಿಜ. ಆದರೆ ಮನುಷ್ಯರ ಶಿಲೀಂಧ್ರ ರೋಗದ ಔಷಧಿಯನ್ನು ಕೊನೆಗೆ ಚರಂಡಿಗೆ ಬಿಡುವ ಪದ್ಧತಿ ನನ್ನ ಮನಸ್ಸಿಗೆ ಒಗ್ಗುವುದಿಲ್ಲವಾದ್ದರಿಂದ, ಇದು ಬ್ರಯಾಪ್ಸಿಸ್ ಅಲ್ಲವೆಂದು ಕಂಡಾಗ ಸಮಾಧಾನವೇ ಆಯಿತು.

ಪಾಚಿಗೆ ಗೊಬ್ಬರವಾಗುವುದು ನೀರಿನಲ್ಲಿ ಕರಗಿರುವ ನೈಟ್ರೇಟ್ ಮತ್ತು ಫಾಸ್ಫೇಟ್. ಅದೇ ದಿನದ ಪರೀಕ್ಷೆಯ ಅಂಕಿಗಳು ಹೀಗಿದ್ದವು: ಉಷ್ಣತೆ 27.2 ಡಿಗ್ರಿ, ಸಾಪೇಕ್ಷ ಸಾಂದ್ರತೆ 1.025, ನೈಟ್ರೇಟ್ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ.). ಫಾಸ್ಫೇಟಿಗೆ ನಾನು ಬಳಸುವ ಅಂಗೈ ಅಗಲದ ಕಲರಿಮೀಟರ್ ರಂಜಕವನ್ನು ಪಿಪಿಬಿ, ಅಂದರೆ ಪಿಪಿಎಂನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತೋರಿಸುತ್ತದೆ. ಆ ಸಂಖ್ಯೆಯನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ. ಓದು 12 ಬಂತು, ಅಂದರೆ 0.037. ಗಾಜಿನ ಸೀಸೆಯ ಮೇಲೆ ಬೆರಳಚ್ಚು ಉಳಿದರೆ ಈ ಉಪಕರಣ ಸುಳ್ಳು ಹೇಳುತ್ತದೆಯೆಂದು ಹತ್ತಿಬಟ್ಟೆಯಿಂದ ಒರೆಸಿ ಮತ್ತೆರಡು ಬಾರಿ ನೋಡಿದೆ, 11, 13. ಹವಳದ ಟ್ಯಾಂಕಿಗೆ ಯಾರು ನೋಡಿದರೂ ಮೆಚ್ಚುವ ಅಂಕಿಗಳಿವು. ಕಣ್ಣೆದುರಿಗೆ ಹುಲ್ಲುಗಾವಲು, ಕಾಗದದ ಮೇಲೆ ಸ್ವಚ್ಛ ನೀರು. ಇದರಲ್ಲಿ ವಿರೋಧವಿಲ್ಲ ಎಂಬುದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ: ಪರೀಕ್ಷೆ ಅಳೆಯುವುದು ನೀರಿನಲ್ಲಿ ಆ ಕ್ಷಣಕ್ಕೆ ಉಳಿದಿರುವುದನ್ನು, ಪಾಚಿ ಆಗಲೇ ತಿಂದು ಮುಗಿಸಿದ್ದನ್ನಲ್ಲ. ಊಟ ಮುಗಿದ ಮೇಲೆ ಪಾತ್ರೆಯ ತಳ ನೋಡಿ, ಇವತ್ತು ಅಡುಗೆಯೇ ಆಗಿಲ್ಲ ಎಂದಂತೆ.

ಹಾಗಾದರೆ ಒಳಗೆ ಬರುತ್ತಿರುವುದು ಎಲ್ಲಿಂದ? ಮೊದಲ ಅನುಮಾನ ನೀರಿನ ಮೇಲೆಯೇ ಹೋಯಿತು. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಕುವುದರಿಂದ ದಿನಕ್ಕೆ ಸುಮಾರು 1 ಲೀಟರ್ ಆವಿಯಾಗುತ್ತದೆ, ಅಷ್ಟನ್ನು ಸಿಹಿನೀರಿನಿಂದ ತುಂಬಿಸಬೇಕು. ಆವಿಯಾಗಿ ಹೋಗುವುದು ಶುದ್ಧ ನೀರು ಮಾತ್ರ. ತುಂಬಿಸುವ ನೀರಿನಲ್ಲಿ ಕರಗಿರುವುದೆಲ್ಲ ಟ್ಯಾಂಕಿನಲ್ಲೇ ಉಳಿದು ಕೂಡುತ್ತ ಹೋಗುತ್ತದೆ. ನಾನು ಆರು ತಿಂಗಳಿಂದ ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನೇ, ಆರ್‌ಒ ಎಂದ ಮೇಲೆ ಮುಗಿಯಿತು ಎಂಬ ಧೈರ್ಯದಿಂದ, ಚೊಂಬಿನಲ್ಲಿ ಹಿಡಿದು ಸುರಿಯುತ್ತಿದ್ದೆ. ಜೂನ್ 5ರಂದು, ನೀರಿನಲ್ಲಿ ಕರಗಿರುವ ಲವಣಗಳನ್ನು ಅಂದಾಜಿಸುವ ಟಿಡಿಎಸ್ ಮೀಟರನ್ನು ಆ ಚೊಂಬಿಗೆ ಅದ್ದಿದಾಗ 92 ತೋರಿಸಿತು. ಮೇಲಿನ ತೊಟ್ಟಿಯಿಂದ ಬರುವ ಟ್ಯಾಂಕರ್ ನೀರು 640.

ಯಂತ್ರದ ಮುಚ್ಚಳ ತೆಗೆದು ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಅನುಸರಿಸಿಕೊಂಡು ಹೋದಾಗ ಗುಟ್ಟು ಹೊರಬಿತ್ತು. ಮೆಂಬ್ರೇನಿನಿಂದ ಹೊರಡುವ ಶುದ್ಧ ನೀರಿನ ಪೈಪಿಗೆ, ಮೆಂಬ್ರೇನನ್ನು ಹಾಯದ ಇನ್ನೊಂದು ಪೈಪ್ ಬಂದು ಕೂಡುತ್ತದೆ, ಮತ್ತು ಆ ಸಂಗಮದಲ್ಲಿ ತಿರುಪಿನಂಥ ಒಂದು ಪ್ಲಾಸ್ಟಿಕ್ ಕವಾಟವಿದೆ. ಕುಡಿಯುವ ನೀರು ರುಚಿಯಾಗಿರಲೆಂದು ಸ್ವಲ್ಪ ಕಚ್ಚಾ ನೀರನ್ನು ಬೆರೆಸುವುದಕ್ಕೆ ಕಂಪನಿಗಳವರೇ ಇಡುವ ಏರ್ಪಾಡು ಇದು. ಸ್ಕ್ರೂಡ್ರೈವರಿನಿಂದ ಅದನ್ನು ಪೂರ್ತಿ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಓದು 31ಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಅಮ್ಮ, “ನೀರು ಯಾಕೋ ಸಪ್ಪೆ, ಕಾಫಿಯೂ ಕೆಟ್ಟುಹೋಯಿತು” ಎಂದರು. ಮೀನಿನ ನೀರಿಗಾಗಿ ಮನೆಯ ಕಾಫಿಯನ್ನು ಬಲಿ ಕೊಡುವುದು ಸಾಧ್ಯವಿರಲಿಲ್ಲವಾದ್ದರಿಂದ ಕವಾಟವನ್ನು ಮೊದಲಿನಂತೆಯೇ ತೆರೆದು, ಮೆಂಬ್ರೇನಿಗೂ ಆ ಸಂಗಮಕ್ಕೂ ನಡುವೆ ಕಾಲಿಂಚಿನ ಪೈಪನ್ನು ಕತ್ತರಿಸಿ, ಒಂದು ಟಿ ಜೋಡಣೆ ಮತ್ತು ಪುಟ್ಟ ನಲ್ಲಿಯನ್ನು ಕೂಡಿಸಿದೆ. ನಲ್ಲಿಯಿಂದ ಮುಂದಕ್ಕೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಕೊಳವೆ. ಪಂಪ್ ಓಡುತ್ತಿರುವಾಗ ಮಾತ್ರ ನೀರು ಸಿಗುತ್ತದೆ, ಒಂದು ಕ್ಯಾನ್ ತುಂಬುವುದಕ್ಕೆ ಒಂದು ಗಂಟೆ ಬೇಕು, ಆದರೆ ಮೀಟರ್ 0 ತೋರಿಸುತ್ತದೆ. ಇದರಲ್ಲಿ ಒಂದು ಎಚ್ಚರಿಕೆ ಅಗತ್ಯ: ರೆಸಿನ್ ಮುಗಿಯುತ್ತ ಬಂದಾಗ ಅದು ಮೊದಲು ಕೈಬಿಡುವುದು ಸಿಲಿಕೇಟನ್ನು, ಮತ್ತು ಸಿಲಿಕೇಟ್ ವಿದ್ಯುತ್ತನ್ನು ಅಷ್ಟಾಗಿ ಹರಿಸದ ಕಾರಣ ಟಿಡಿಎಸ್ ಮೀಟರಿಗೆ ಅದು ಕಾಣುವುದೇ ಇಲ್ಲ. ಲಾಲ್‌ಬಾಗಿನ ಬಂಡೆಯಂಥ ಗಟ್ಟಿ ಕಲ್ಲಿನ ಮೇಲೆ ಕುಳಿತಿರುವ ಈ ಊರಿನಲ್ಲಿ, ಆ ಕಲ್ಲಿನ ಬಿರುಕುಗಳಿಂದಲೇ ಬರುವ ಕೊಳವೆಬಾವಿ ನೀರಿನಲ್ಲಿ ಸಿಲಿಕಾ ಕಡಿಮೆ ಇರುವುದಿಲ್ಲ. ಆದ್ದರಿಂದ ಮೀಟರ್ 1ಕ್ಕೆ ಏರಿದ ದಿನವೇ ರೆಸಿನ್ ಬದಲಿಸುತ್ತೇನೆ.

ಅಪರಾಧಿ ಸಿಕ್ಕಿಬಿಟ್ಟ ಎಂಬ ಸಂತೋಷ ಮೂರು ದಿನ ಇತ್ತು. ಜೂನ್ 8ರಂದು ಕಾಗದ ಹಿಡಿದು ಲೆಕ್ಕ ಹಾಕಿದಾಗ ಅದು ಇಳಿಯಿತು. ಹಳೆಯ ಆರ್‌ಒ ನೀರಿನಲ್ಲಿ ನಾನೇ ಅಳೆದಂತೆ ಫಾಸ್ಫೇಟ್ 0.06 ಪಿಪಿಎಂ, ನೈಟ್ರೇಟ್ 10 ಪಿಪಿಎಂ ಇದ್ದವು. ದಿನಕ್ಕೆ 1 ಲೀಟರ್ ಎಂದರೆ ಫಾಸ್ಫೇಟ್ 0.06 ಮಿ.ಗ್ರಾಂ., ನೈಟ್ರೇಟ್ 10 ಮಿ.ಗ್ರಾಂ. ಇನ್ನು ಆಹಾರ. ಮೀನಿನ ಹರಳು ಆಹಾರದ ಪೊಟ್ಟಣದ ಮೇಲೆ ರಂಜಕ ಶೇ 1 ಎಂದೂ ಪ್ರೋಟೀನ್ ಶೇ 45 ಎಂದೂ ಬರೆದಿತ್ತು. ದಿನಕ್ಕೆ ಎಷ್ಟು ಹಾಕುತ್ತೇನೆ ಎಂದರೆ ನನ್ನಲ್ಲಿದ್ದ ಉತ್ತರ ‘ಒಂದು ಚಿಟಿಕೆ’. ಚಿಟಿಕೆ ಎಂದರೆ ಎಷ್ಟು?

ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಪುಟ್ಟ ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟು, ಕಾಗದದ ಚೂರಿನ ಮೇಲೆ ನನ್ನ ಚಿಟಿಕೆಯನ್ನು ಉದುರಿಸಿದೆ: 0.12 ಗ್ರಾಂ. ಅಷ್ಟರಲ್ಲಿ ಅಮ್ಮ ಬಂದು, “ಇಷ್ಟೇನಾ ಹಾಕೋದು ನೀನು?” ಎಂದರು. ಆ ದನಿಯಲ್ಲಿಯೇ ನನಗೆ ಅರ್ಧ ಉತ್ತರ ಸಿಕ್ಕಿತು. ಮಾರ್ಚ್‌ನಲ್ಲಿ ಹಾಸನದಿಂದ ಬಂದಾಗಿನಿಂದ ಅವರು ಮಧ್ಯಾಹ್ನ, ನಾನು ಕಚೇರಿಯಲ್ಲಿರುವಾಗ, ತಾವೂ ಒಂದು ಚಿಟಿಕೆ ಹಾಕುತ್ತಿದ್ದರಂತೆ. “ಗಾಜಿನ ಹತ್ತಿರ ಬಂದು ಬಾಯಿ ಬಿಡುತ್ತವೆ ಕಣೋ, ಹೇಗೆ ನೋಡ್ಕೊಂಡು ಕೂರೋದು?” ನಿಮ್ಮ ಚಿಟಿಕೆ ತೋರಿಸಿ ಎಂದೆ. ಹುಳಿಗೆ ಇಂಗು ಹಾಕುವ ಮೂರು ಬೆರಳಿನ ಚಿಟಿಕೆ ಅದು, ತಕ್ಕಡಿ 0.31 ತೋರಿಸಿತು.

ಒಟ್ಟು 0.43 ಗ್ರಾಂ. ಅದರ ಶೇ 1 ಎಂದರೆ 4.3 ಮಿ.ಗ್ರಾಂ. ರಂಜಕ, ಫಾಸ್ಫೇಟ್ ಲೆಕ್ಕದಲ್ಲಿ 13 ಮಿ.ಗ್ರಾಂ. ಬೆಳೆದು ನಿಂತ ಮೀನು ತಿಂದದ್ದರ ಬಹುಪಾಲನ್ನು ನೀರಿಗೇ ಹಿಂತಿರುಗಿಸುತ್ತದೆಯಾದ್ದರಿಂದ 60 ಲೀಟರಿಗೆ ದಿನವೂ 0.2 ಪಿಪಿಎಂನಷ್ಟು ಫಾಸ್ಫೇಟ್ ಸುರಿದಂತಾಯಿತು. ಕವಾಟದ ಮೂಲಕ ಬರುತ್ತಿದ್ದುದರ ಇನ್ನೂರು ಪಟ್ಟು ಇದು! ಪ್ರೋಟೀನಿನಲ್ಲಿ ತೂಕದ ಶೇ 16 ಸಾರಜನಕವೆಂದು ಹಿಡಿದು ನೈಟ್ರೇಟನ್ನು ಲೆಕ್ಕ ಹಾಕಿದರೂ ಆಹಾರದಿಂದ 137 ಮಿ.ಗ್ರಾಂ., ನೀರಿನಿಂದ 10. ಒಂದು ಇಡೀ ಸಂಜೆ ಮೊಣಕಾಲೂರಿ ಜೋಡಿಸಿದ ಪೈಪು ಸಿಲಿಕೇಟನ್ನು ತಡೆಯಿತು, ಅಷ್ಟೇ; ಹಸಿರು ಕೂದಲಿನ ಮಟ್ಟಿಗೆ ಅದರ ಪಾಲು ಚಿಲ್ಲರೆ. ನಾನು ಆ ಪೈಪನ್ನು ತೆಗೆಯಲಿಲ್ಲ, ಆದರೆ ಅದನ್ನು ನೋಡಿ ಹೆಮ್ಮೆಪಡುವುದನ್ನು ನಿಲ್ಲಿಸಿದೆ.

ಜೂನ್ 9, ಭಾನುವಾರ, ಕೈಯಿಂದ ಕೀಳುವ ಕೆಲಸ. ಟ್ಯಾಂಕಿನ ನೀರನ್ನೇ ತುಂಬಿಸಿದ ಎರಡು ಬಕೆಟ್, ಗಟ್ಟಿ ಬಿರುಗೂದಲಿನ ಹೊಸ ಹಲ್ಲುಜ್ಜುವ ಬ್ರಷ್, ಚಿಮಟಿಗೆ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ. ಕೊನೆಯ ಎರಡನ್ನು ಬಿಡುವಂತಿಲ್ಲ. ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಅವುಗಳ ಬಂಧುವಾದ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಉಜ್ಜುವಾಗ ಕಣ್ಣಿಗೆ ಚಿಮ್ಮಿದರೆ, ಗಾಯಕ್ಕೆ ತಾಗಿದರೆ, ಕಲ್ಲನ್ನು ಬಿಸಿನೀರಿಗೆ ಹಾಕಿ ಅದರ ಆವಿಯನ್ನು ಉಸಿರಾಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ವಿಜ್ಞಾನಿಗಳು 1971ರಲ್ಲಿ ಈ ವಿಷವನ್ನು ಬೇರ್ಪಡಿಸಿದ್ದು ಹವಾಯಿಯ ಮಾವಿ ದ್ವೀಪದ ಹಾನಾ ಎಂಬಲ್ಲಿನ ಒಂದು ಹೊಂಡದ ಜೀವಿಯಿಂದ. ಅಲ್ಲಿನ ಜನ ಅದನ್ನು ಹಾನಾದ ಕೊಲ್ಲುವ ಪಾಚಿ ಎಂದು ಕರೆಯುತ್ತಿದ್ದರು. ಅದು ಪಾಚಿಯಾಗಿರಲಿಲ್ಲ, ಹವಳದ ಕುಲದ ಪ್ರಾಣಿಯಾಗಿತ್ತು. ಪಾಚಿ ಕೀಳಲು ಹೊರಟವನಿಗೆ ಇದಕ್ಕಿಂತ ತಕ್ಕ ಎಚ್ಚರಿಕೆ ಬೇರೆ ಇಲ್ಲ.

ಪಂಪ್ ನಿಲ್ಲಿಸಿ, ಒಂದೊಂದೇ ಕಲ್ಲನ್ನು ಬಕೆಟಿಗೆ ತಂದು, ಮೊದಲು ಬೆರಳಿನಿಂದ ಹಿಡಿಹಿಡಿಯಾಗಿ ಕಿತ್ತು, ಅನಂತರ ಬುಡವನ್ನು ಬ್ರಷ್‌ನಿಂದ ಉಜ್ಜಿ, ಎರಡನೆಯ ಬಕೆಟಿನಲ್ಲಿ ಅದ್ದಿ ಹಿಂತಿರುಗಿಸಿದೆ. ಟ್ಯಾಂಕಿನೊಳಗೇ ಉಜ್ಜುವುದು ಸುಲಭವೆನಿಸಿದರೂ, ತುಂಡಾದ ಪ್ರತಿ ಎಳೆಯೂ ಎಲ್ಲಾದರೂ ಕುಳಿತು ಬೇರೂರುವುದರಿಂದ, ಹಾಗೆ ಮಾಡುವುದು ಗರಿಕೆಯನ್ನು ಕೊಚ್ಚಿ ತೋಟಕ್ಕೆಲ್ಲ ಎರಚಿದಂತೆ. ನಾಲ್ಕು ಗಂಟೆ ಹಿಡಿಯಿತು. ಕಿತ್ತ ಪಾಚಿಯನ್ನು ಹಿಂಡಿ ತೂಗಿದರೆ 86 ಗ್ರಾಂ. ಉಪ್ಪು ಹೋಗುವಂತೆ ಮೂರು ಬಾರಿ ತೊಳೆಸಿ, ಅಮ್ಮ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿಸಿದರು.

ಒಂದು ವಾರದಲ್ಲಿ ಕಲ್ಲಿನ ಸಂದುಗಳಿಂದ ಹಸಿರು ಮತ್ತೆ ಇಣುಕಿತು. ಜೂನ್ 16ರಂದು ಹೈಡ್ರೋಜನ್ ಪೆರಾಕ್ಸೈಡ್ ಪ್ರಯೋಗ ಮಾಡಿದೆ. ಈ ವಿಷಯದ ಬರಹಗಳೆಲ್ಲ ಶೇ 3ರ ದ್ರಾವಣವನ್ನು ಹೇಳುತ್ತವೆ, ಆದರೆ ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ‘20 ವಾಲ್ಯೂಮ್’ ಎಂದು ಬರೆದ ಶೇ 6ರದ್ದು; ಆದ್ದರಿಂದ ಸಮಪ್ರಮಾಣದ ಶುದ್ಧ ನೀರು ಬೆರೆಸಿಕೊಳ್ಳಬೇಕು. ಕ್ಲೀನರ್ ಸೀಗಡಿಗೆ ಪೆರಾಕ್ಸೈಡ್ ಆಗಿಬರುವುದಿಲ್ಲವಾದ್ದರಿಂದ ಟ್ಯಾಂಕಿನೊಳಕ್ಕೆ ಒಂದು ಹನಿಯನ್ನೂ ಬಿಡದೆ, ಕಲ್ಲನ್ನು ಹೊರಗೆ ತೆಗೆದು, ಸೂಜಿಯಿಲ್ಲದ ಸಿರಿಂಜಿನಿಂದ ಪಾಚಿಯ ಬುಡಕ್ಕೆ ಮಾತ್ರ ಹನಿಸಿ, ಎರಡು ನಿಮಿಷ ಬಿಟ್ಟು, ಉಪ್ಪುನೀರಿನ ಬಕೆಟಿನಲ್ಲಿ ಚೆನ್ನಾಗಿ ಜಾಲಿಸಿ ಹಿಂದಿಟ್ಟೆ. ಹನಿ ಬಿದ್ದಲ್ಲೆಲ್ಲ ಸೋಡಾದಂತೆ ನೊರೆಯುಕ್ಕಿತು. ಮೂರನೆಯ ದಿನಕ್ಕೆ ಹಸಿರು ಹಳದಿಯಾಗಿ, ಐದನೆಯ ದಿನಕ್ಕೆ ಬಿಳಿಚಿ ಉದುರಿತು. ಅದರ ಜೊತೆಗೆ, ಆರು ತಿಂಗಳಿಂದ ಕಾದು ಬೆಳೆಸಿದ್ದ ನೇರಳೆ ಬಣ್ಣದ ಸುಣ್ಣದ ಪಾಚಿಯೂ ಅಲ್ಲಲ್ಲಿ ಬೆಳ್ಳಗಾಯಿತು.

ಜೂನ್ 20ರಂದು ನಾಲ್ಕು ಟರ್ಬೊ ಬಸವನಹುಳು ತಂದೆ. ಇವು ಉದ್ದನೆಯ ಕೂದಲಿಗಿಂತ ಗಿಡ್ಡ ಮೊಳಕೆಯನ್ನೇ ಹೆಚ್ಚು ಕೆರೆದು ತಿನ್ನುತ್ತವೆ. ಮೇಯುವವರ ಬೆಲೆ ತಿಳಿಯಬೇಕೆಂದರೆ ಕೆರಿಬಿಯನ್ ಸಮುದ್ರದ ಕಥೆ ನೋಡಬೇಕು: 1983–84ರಲ್ಲಿ ಅಲ್ಲಿನ ಉದ್ದ ಮುಳ್ಳಿನ ಕಪ್ಪು ಸಮುದ್ರ ಮುಳ್ಳುಚೆಂಡುಗಳು ಯಾವುದೋ ರೋಗಕ್ಕೆ ಸಿಕ್ಕು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತುಹೋದವು, ಮತ್ತು ಮೀನುಗಾರಿಕೆಯಿಂದ ಮೇಯುವ ಮೀನುಗಳೂ ಕಡಿಮೆಯಾಗಿದ್ದ ಜಮೈಕಾದಂಥ ಕಡೆ ಹವಳದ ದಿಬ್ಬಗಳೇ ಪಾಚಿಯ ದಿಬ್ಬಗಳಾದವು. ನನ್ನ ನಾಲ್ಕು ಹುಳುಗಳಿಗೂ ಕೆಲಸ ಅದೇ. ರಾತ್ರಿ ಹೊತ್ತು ಗಾಜಿಗೆ ಕಿವಿಯಿಟ್ಟರೆ ಕೆರೆಯುವ ಸಣ್ಣ ಸದ್ದು ಕೇಳುತ್ತಿತ್ತು. ಅಡಿಮೇಲಾಗಿ ಬಿದ್ದರೆ ತಾವಾಗಿ ಎದ್ದುಕೊಳ್ಳಲು ಕಷ್ಟಪಡುವ ಇವನ್ನು ದಿನಕ್ಕೊಮ್ಮೆ ನೆಟ್ಟಗೆ ಮಾಡಿ ನಿಲ್ಲಿಸುವುದು ನನ್ನ ಕೆಲಸವಾಯಿತು.

ಇಲ್ಲಿಗೆ ನಿಲ್ಲಿಸಿ ಕಾದಿದ್ದರೆ ಈ ದಾಖಲೆ ಇಷ್ಟು ಉದ್ದವಾಗುತ್ತಿರಲಿಲ್ಲ. ಅದೇ ದಿನ ನಾನು ಜಿಎಫ್‌ಒ, ಅಂದರೆ ಫಾಸ್ಫೇಟನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ಹರಳನ್ನು, ಪೂರಾ 50 ಗ್ರಾಂ ಚೀಲದಲ್ಲಿ ಕಟ್ಟಿ ನೀರು ಹರಿಯುವ ಜಾಗದಲ್ಲಿ ಇಟ್ಟೆ. ಆಹಾರವನ್ನು ಎರಡು ದಿನಕ್ಕೊಮ್ಮೆ ಎಂದು ಇಳಿಸಿದೆ. ಜೂನ್ 26ರಂದು ಕಲರಿಮೀಟರ್ ಸೊನ್ನೆ ತೋರಿಸಿತು. ನೈಟ್ರೇಟ್ ಕೂಡ ಸೊನ್ನೆ. ಪುಸ್ತಕದಲ್ಲಿ ಆ ದಿನದ ಸಾಲಿನ ಮುಂದೆ ನಾನು ಎರಡು ಬಾರಿ ಗೆರೆ ಎಳೆದು ‘ಗೆದ್ದೆ’ ಎಂದು ಬರೆದಿದ್ದೇನೆ. ಅದನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ.

ಜುಲೈ 7ರ ಹೊತ್ತಿಗೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಹರಡಿತ್ತು. ಬೆಳಿಗ್ಗೆ ತೆಳುವಾಗಿರುವುದು, ಸಂಜೆಯ ಹೊತ್ತಿಗೆ ದಪ್ಪವಾಗಿ, ಮೂಗಿನ ಸಿಂಬಳದಂತೆ ದಾರದಾರವಾಗಿ ಮೇಲೆದ್ದು, ತುದಿಯಲ್ಲಿ ಗಾಳಿಗುಳ್ಳೆ ಹಿಡಿದುಕೊಂಡು ತೂಗುವುದು. ಎರಡು ಬಸವನಹುಳು ಅಲುಗಾಡದೆ ಬಿದ್ದಿದ್ದವು. ಮರುದಿನ ವಾಸನೆ ಬಂದಾಗ ಸತ್ತಿವೆಯೆಂದು ತಿಳಿಯಿತು. ಲೋಳೆಯನ್ನು ಸೀಸೆಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಿಂದ ಸೋಸಿ, ತಿಳಿನೀರನ್ನು ದೀಪದ ಕೆಳಗೆ ಇಟ್ಟೆ. ಇಂಥದೇ ಲೋಳೆಯಾಗಿ ಹರಡುವ ಸಯನೋಬ್ಯಾಕ್ಟೀರಿಯಾ ಆಗಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಒಂದು ಗಂಟೆಯ ನಂತರ ನೋಡಿದರೆ ತಿಳಿನೀರಿನಲ್ಲಿ ಕಂದು ದಾರಗಳು ಮತ್ತೆ ಹೆಣೆದುಕೊಂಡಿದ್ದವು. ಅಕ್ಕನ ಮಗಳ ಮೈಕ್ರೋಸ್ಕೋಪನ್ನು ಬೇಡಿ ತಂದು 400 ಪಟ್ಟು ಹಿಗ್ಗಿಸಿ ನೋಡಿದಾಗ, ಒಂದು ತುದಿ ಚೂಪಾದ ಎಳ್ಳಿನಂಥ ಕಣಗಳು, ಗೂಟಕ್ಕೆ ಕಟ್ಟಿದ ಕರುವಿನಂತೆ ಒಂದೇ ಬಿಂದುವಿನ ಸುತ್ತ ಗಿರಗಿರನೆ ತಿರುಗುತ್ತಿದ್ದವು. ಆಸ್ಟ್ರಿಯೋಪ್ಸಿಸ್ ಎಂಬ ಡೈನೋಫ್ಲಾಜೆಲ್ಲೇಟ್, ಅಂದರೆ ಈಜಬಲ್ಲ ಏಕಕೋಶ ಜೀವಿ; ಹವ್ಯಾಸಿಗಳ ಬಾಯಲ್ಲಿ ‘ಡೈನೋ’. ಹುಳುಗಳನ್ನು ಕೊಂದದ್ದು ಅದರ ವಿಷ.

ಪೋಷಕಾಂಶಗಳು ಸೊನ್ನೆಗಿಳಿದಾಗ ಹಸಿರು ಪಾಚಿ, ಡಯಾಟಮ್, ಬ್ಯಾಕ್ಟೀರಿಯಾ ಇವೆಲ್ಲ ಬಡವಾಗಿ ಜಾಗ ಖಾಲಿಯಾಗುತ್ತದೆ. ಡೈನೋಗಳು ಬೇರೆ ದಾರಿಯಿಂದಲೂ ಹೊಟ್ಟೆ ಹೊರೆಯಬಲ್ಲವಾದ್ದರಿಂದ ಆ ಜಾಗವನ್ನು ಹಿಡಿಯುತ್ತವೆ. ಕೂದಲು ಪಾಚಿ ಕಣ್ಣಿಗೆ ಅಸಹ್ಯ, ಆದರೆ ಅದು ಯಾರನ್ನೂ ಕೊಂದಿರಲಿಲ್ಲ. ಕೊಂದದ್ದು ನನ್ನ ಅವಸರ ಕರೆತಂದ ಈ ಅತಿಥಿ.

ಅಂದೇ ಜಿಎಫ್‌ಒ ಚೀಲವನ್ನು ಹೊರಗೆಸೆದೆ. ನೀರು ಬದಲಿಸುವುದನ್ನು ನಿಲ್ಲಿಸಿದೆ. ದಿನಕ್ಕೆ 0.15 ಗ್ರಾಂ ಆಹಾರವನ್ನು ಮತ್ತೆ ಶುರು ಮಾಡಿದೆ. ಆಸ್ಟ್ರಿಯೋಪ್ಸಿಸ್‌ನ ಒಂದು ದೌರ್ಬಲ್ಯವೆಂದರೆ, ಕತ್ತಲಾದಾಗ ಅದು ಮರಳನ್ನು ಬಿಟ್ಟು ನೀರಿನಲ್ಲಿ ತೇಲಾಡುತ್ತದೆ. ಆದ್ದರಿಂದ ಹಾಯುವ ನೀರಿನಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ 9 ವ್ಯಾಟಿನ ಯುವಿ (ನೇರಳಾತೀತ) ದೀಪದ ಫಿಲ್ಟರೊಂದನ್ನು ತಂದು ಟ್ಯಾಂಕಿನೊಳಗೆ ಕೂರಿಸಿ, ಜುಲೈ 13ರಿಂದ 16ರವರೆಗೆ ಮೂರು ದಿನ ಮೇಲಿನ ದೀಪವನ್ನು ಪೂರ್ತಿ ಆರಿಸಿ, ಟ್ಯಾಂಕಿಗೆ ಕಪ್ಪು ಕಂಬಳಿ ಹೊದಿಸಿದೆ. ನಾಲ್ಕನೆಯ ಬೆಳಿಗ್ಗೆ ಕಂಬಳಿ ತೆಗೆದಾಗ ಮರಳು ಬಿಳಿಯಾಗಿತ್ತು, ಅಣಬೆ ಹವಳಗಳು ಕುಗ್ಗಿದ್ದವು, ಮೀನುಗಳು ಬೆಳಕಿಗೆ ಕಣ್ಣುಜ್ಜಿಕೊಳ್ಳುವಂತೆ ಮೂಲೆಯಲ್ಲಿ ನಿಂತಿದ್ದವು. ವಾರದ ನಂತರ ಲೋಳೆ ಸ್ವಲ್ಪ ಮರಳಿತು, ಆದರೆ ತೆಳುವಾಗಿ. ಯುವಿ ಹಗಲು ರಾತ್ರಿ ಉರಿಯುತ್ತಲೇ ಇತ್ತು. ಆಗಸ್ಟ್ 4ರಂದು ಮೈಕ್ರೋಸ್ಕೋಪಿನ ಕೆಳಗೆ ಮೂರು ಮಾದರಿಗಳಲ್ಲಿ ಹುಡುಕಿದರೂ ಎಳ್ಳಿನ ಕಾಳು ಒಂದೂ ಸಿಗಲಿಲ್ಲ.

ಈ ನಡುವೆ ಇನ್ನೊಂದು ವಿಚಿತ್ರ ಗಮನಕ್ಕೆ ಬಂದಿತ್ತು. ಜಿಎಫ್‌ಒ ತೆಗೆದ ಹತ್ತೇ ದಿನದಲ್ಲಿ ಫಾಸ್ಫೇಟ್ 0.04ಕ್ಕೂ, ಇಪ್ಪತ್ತು ದಿನದಲ್ಲಿ 0.11ಕ್ಕೂ ಏರಿತು, ಅದೂ ಆಹಾರ ಮೊದಲಿನ ಮೂರನೇ ಒಂದು ಪಾಲು ಮಾತ್ರ ಇದ್ದಾಗ. ಜೂನ್‌ಗೆ ಮುಂಚಿನ ಮೂರು ತಿಂಗಳಲ್ಲಿ ದಿನಕ್ಕೆ 13 ಮಿ.ಗ್ರಾಂ.ನಂತೆ ಒಂದು ಗ್ರಾಮಿಗೂ ಹೆಚ್ಚು ಫಾಸ್ಫೇಟ್ ಒಳಗೆ ಹೋಗಿತ್ತು. ನೀರಿನಲ್ಲಿ ಅದು ಕಂಡಿರಲಿಲ್ಲ, ಕಿತ್ತ 86 ಗ್ರಾಂ ಹಸಿ ಪಾಚಿಯೂ ಅದರ ಸಣ್ಣ ಪಾಲನ್ನಷ್ಟೇ ಹಿಡಿದಿರಬಲ್ಲದು. ಉಳಿದದ್ದು ಹೋದದ್ದು ಕಲ್ಲಿಗೆ. ಸುಣ್ಣದ ಕಲ್ಲು ನೀರಿನಲ್ಲಿ ಫಾಸ್ಫೇಟ್ ಹೆಚ್ಚಾದಾಗ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ, ಪಡಸಾಲೆಯ ಕಣಜದಂತೆ.

ಆಗಸ್ಟ್ 11ರಂದು ಇದನ್ನು ಪರೀಕ್ಷಿಸಿದೆ. 1.1 ಕೆ.ಜಿ. ತೂಗುವ ಒಂದು ಕಲ್ಲನ್ನು, ಫಾಸ್ಫೇಟ್ ಸೊನ್ನೆಯಿದ್ದ 5 ಲೀಟರ್ ಹೊಸ ಉಪ್ಪುನೀರಿನ ಬಕೆಟಿನಲ್ಲಿ, ಸಣ್ಣ ಪಂಪ್ ಹಾಕಿ, ಮುಚ್ಚಳ ಮುಚ್ಚಿ ಕತ್ತಲಲ್ಲಿಟ್ಟೆ. 72 ಗಂಟೆಗೆ ಬಕೆಟಿನ ನೀರು 0.28. ಆ ನೀರು ಚೆಲ್ಲಿ ಹೊಸದನ್ನು ಹಾಕಿದೆ. ಇನ್ನೊಂದು 72 ಗಂಟೆಗೆ 0.24. ಮೂರನೆಯ ಸಲ 0.22. ಕಣಜ ಇನ್ನೂ ತುಂಬಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇದರಲ್ಲಿ ಹಿಂದಿನ ಮಾಲೀಕರ ಕಾಲದ್ದೆಷ್ಟು, ಮೂರು ಬೆರಳಿನ ಚಿಟಿಕೆಯದ್ದೆಷ್ಟು ಎಂದು ವಿಂಗಡಿಸುವ ಉಪಾಯವಿಲ್ಲ. ಬಳಸಿದ ಕಲ್ಲನ್ನು ಕೊಳ್ಳುವವರು ಈ ಬಕೆಟ್ ಪರೀಕ್ಷೆಯನ್ನು ಟ್ಯಾಂಕ್ ಕಟ್ಟುವ ಮೊದಲೇ ಮಾಡಿಕೊಂಡರೆ ಒಂಬತ್ತು ದಿನ ಹೋಗುತ್ತದೆ, ಆರು ತಿಂಗಳು ಉಳಿಯುತ್ತದೆ.

ಜಿಎಫ್‌ಒ ಮತ್ತೆ ಬಂತು, ಈ ಸಲ 8 ಗ್ರಾಂ ಮಾತ್ರ, ಹತ್ತು ದಿನಕ್ಕೊಮ್ಮೆ ಬದಲಿಸುವಂತೆ, ಫಾಸ್ಫೇಟ್ 0.05ರ ಕೆಳಗೆ ಇಳಿದರೆ ತೆಗೆದಿಡುವಂತೆ. ಅದರ ಜೊತೆಗೆ ಸೆಪ್ಟೆಂಬರಿನಲ್ಲಿ, ಪಾಚಿ ಬೆಳೆಯಲೇಬೇಕೆಂದಿದ್ದರೆ ಅದಕ್ಕೊಂದು ಬೇರೆ ಕೋಣೆ ಕೊಡೋಣವೆಂದು, 4 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿಸಿ, ಹಿಂಬದಿಗೆ ನೇತುಹಾಕುವ 4 ಲೀಟರಿನ ಡಬ್ಬಿ ಮಾಡಿದೆ. ಒಳಗೆ ಮುಷ್ಟಿಯಷ್ಟು ಕೀಟೊಮಾರ್ಫಾ. ಬೇರೂರದೆ ಉಕ್ಕಿನ ಉಜ್ಜುಗದ ಉಂಡೆಯಂತೆ ಬೆಳೆಯುವ ಪಾಚಿ ಅದು, ಬೇಕಾದಾಗ ಹರಿದು ತೆಗೆಯಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದಕ್ಕೆ ಪ್ರತ್ಯೇಕ ದೀಪ. ದೊಡ್ಡ ದೀಪ ಆರಿದಾಗ ಇದು ಉರಿಯುವುದರಿಂದ ರಾತ್ರಿ ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ. ನೀರನ್ನು ಪುಟ್ಟ ಪಂಪ್ ಮೇಲೆತ್ತುತ್ತದೆ, ಹಲ್ಲುಹಲ್ಲಾಗಿ ಕತ್ತರಿಸಿದ ಅಂಚಿನಿಂದ ಅದು ಹಿಂದಕ್ಕೆ ಬೀಳುತ್ತದೆ.

ಆರನೆಯ ರಾತ್ರಿ ಕೀಟೊದ ಒಂದು ಎಳೆ ಹಲ್ಲುಗಳಿಗೆ ಸಿಕ್ಕಿಕೊಂಡು, ಡಬ್ಬಿ ಉಕ್ಕಿ, ಬೆಳಿಗ್ಗೆ ಹಜಾರದ ನೆಲದ ಮೇಲೆ ಸಮುದ್ರವಿತ್ತು. ಈಗ ಹಲ್ಲುಗಳ ಮುಂದೆ ಪ್ಲಾಸ್ಟಿಕ್ ಜಾಲರಿಯಿದೆ, ಮತ್ತು ಪಂಪಿನ ಬಾಯಿಯನ್ನು ನೀರಿನ ಮಟ್ಟಕ್ಕಿಂತ 2 ಸೆಂ.ಮೀ. ಕೆಳಗಷ್ಟೇ ಇಟ್ಟಿದ್ದೇನೆ; ಇನ್ನೊಮ್ಮೆ ಕಟ್ಟಿಕೊಂಡರೂ 60 ಗುಣಿಸು 35 ಗುಣಿಸು 2, ಅಂದರೆ 4.2 ಲೀಟರಿಗಿಂತ ಹೆಚ್ಚು ಹೊರಗೆ ಹೋಗಲಾರದು. ವೈರುಗಳೆಲ್ಲ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರುತ್ತವೆ, ಹನಿ ನೀರು ಅಲ್ಲಿಯೇ ತೊಟ್ಟಿಕ್ಕಲೆಂದು.

ಇವತ್ತು ಅಕ್ಟೋಬರ್ 27. ಫಾಸ್ಫೇಟ್ 0.07, ನೈಟ್ರೇಟ್ 6. ಕೀಟೊವನ್ನು ಹದಿನೈದು ದಿನಕ್ಕೊಮ್ಮೆ 40 ಗ್ರಾಂನಷ್ಟು ಕಿತ್ತು ತೆಗೆಯುತ್ತೇನೆ. ಇಪ್ಪತ್ತರ ಗುಂಪಿನಲ್ಲಿ ಹತ್ತೊಂಬತ್ತು ಜೋವಾಂಥಿಡ್ ತೆರೆದಿವೆ. ಕೂದಲು ಪಾಚಿ ಪೂರ್ತಿ ಹೋಗಿಲ್ಲ. ಪಂಪಿನ ಬಾಯಿಯ ಕೆಳಗೆ ಹೆಬ್ಬೆರಳಿನಷ್ಟು ಗಿಡ್ಡ ಹಸಿರು ಇದೆ, ಉಳಿದ ಎರಡು ಬಸವನಹುಳುಗಳಿಗೆ ಅದು ಬೇಕು. ಔಷಧಿ ಅಂಗಡಿಯಲ್ಲಿ ಸಿಗುವ, ವಾರಕ್ಕೆ ಏಳು ಖಾನೆಗಳ ಮಾತ್ರೆ ಡಬ್ಬಿಯೊಂದನ್ನು ತಂದು, ಆರು ಖಾನೆಗಳಲ್ಲಿ ತಲಾ 0.15 ಗ್ರಾಂ ಆಹಾರ ತೂಗಿ ತುಂಬಿಸಿ ಟ್ಯಾಂಕಿನ ಮೇಲಿಟ್ಟಿದ್ದೇನೆ. ಮೀನಿಗೆ ಊಟ ಹಾಕುವ ಅಧಿಕಾರ ಈಗ ಪೂರ್ತಿ ಅಮ್ಮನದೇ. ಏಳನೆಯ ಖಾನೆ ಖಾಲಿ. ಆ ದಿನ ಮೀನುಗಳು ಗಾಜಿನ ಹತ್ತಿರ ಬಂದು ಬಾಯಿ ಬಿಟ್ಟಾಗ ಅಮ್ಮ ಅವುಗಳಿಗೆ, “ಇವತ್ತು ಏಕಾದಶಿ ಕಣ್ರಪ್ಪಾ” ಎಂದು ಹೇಳಿ ಅಡುಗೆಮನೆಗೆ ಹೋಗುತ್ತಾರೆ.